ರ್‍ಯಾಂಕ್ ವೇಸ್ಟ್ ಆಗಬಾರದು ನೋಡಿ

ಕಳೆದ ವರ್ಷ ತಿಪಟೂರಿನ ನಮ್ಮ ಅಕ್ಕನ ಮನೆಯಲ್ಲಿ ಒಂದು ರಾತ್ರಿ ಯಾರೂ ಮಲಗಲಿಲ್ಲ. ಯಾರಿಗೂ ಹುಷಾರು ತಪ್ಪಿರಲಿಲ್ಲ. ಸಿಇಟಿ ಆಪ್ಷನ್ ಎಂಟ್ರಿಗೆ ಮಾರನೇ ದಿನ ಬೆಳಿಗ್ಗೆ ಕೊನೆ, ಅಷ್ಟೆ.

ನಡುಮನೆ ತುಂಬಿತ್ತು. ಭಾವ, ಅಕ್ಕ, ಭಾವನ ತಮ್ಮ, ಟ್ಯೂಷನ್ ಮೇಷ್ಟ್ರು. ಪಕ್ಕದ ಮನೆಯವರೂ ಬಂದಿದ್ದರು. ಅವರ ಮಗಳಿಗೆ ಹಿಂದಿನ ವರ್ಷ ಸೀಟು ಸಿಕ್ಕಿತ್ತು, ಹಾಗಾಗಿ ಈಗ ಅವರು ಬೀದಿಗೆಲ್ಲ ತಜ್ಞರು. ವಿಡಿಯೊ ಕಾಲ್‌ನಲ್ಲಿ ವೈಟ್‌ಫೀಲ್ಡಿನಿಂದ ಒಬ್ಬ ಸಾಫ್ಟ್‌ವೇರ್ ಕಸಿನ್. ಮಂಚದ ಮೇಲೆ ಅಜ್ಜಿ. ಹುಡುಗನೂ ಇದ್ದ, ಅಕ್ಕನ ಮಗ. ಅವನಿಗೆ ಕೊಟ್ಟ ಕೆಲಸ ಒಂದೇ, ಒಟಿಪಿ ಬಂದಾಗ ಓದಿ ಹೇಳುವುದು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಿಇಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 60, ಒಟ್ಟು 180 ಪ್ರಶ್ನೆ. ಅದರದ್ದು ಅರ್ಧ, ಪಿಯುಸಿಯದ್ದು ಅರ್ಧ ಸೇರಿಸಿ ಇಂಜಿನಿಯರಿಂಗ್ ರ್‍ಯಾಂಕ್ ಕೊಡುತ್ತಾರೆ. ಆಮೇಲೆ ಯಾವ ಕಾಲೇಜು, ಯಾವ ಬ್ರಾಂಚು ಅಂತ ಇಷ್ಟದ ಕ್ರಮದಲ್ಲಿ ತುಂಬಬೇಕು. ಎಷ್ಟು ಬೇಕಾದರೂ ತುಂಬಬಹುದು. ಹುಡುಗ ಉತ್ತರ ಬರೆದದ್ದು 180 ಪ್ರಶ್ನೆಗೆ. ನಾವು ತುಂಬಿದ್ದು 212 ಆಪ್ಷನ್.

ರ್‍ಯಾಂಕ್ ಚೆನ್ನಾಗಿಯೇ ಬಂದಿತ್ತು. ತೊಂದರೆ ಶುರುವಾದದ್ದೇ ಅಲ್ಲಿ. ಹುಡುಗ ಒಟಿಪಿ ಹೇಳಿ ಮುಗಿಸಿ, ಸುಮ್ನೆ ಇರಲಾರದೆ, "ನಂಗೆ ಮೆಕ್ಯಾನಿಕಲ್ ಇಷ್ಟ" ಅಂದ. ಫ್ಯಾನ್ ತಿರುಗುವ ಸದ್ದು ಕೇಳುವಷ್ಟು ಮೌನ. ಈ ಹುಡುಗ ಹತ್ತನೇ ಕ್ಲಾಸಿನಲ್ಲೇ ಮನೆಯ ತೆಂಗಿನಕಾಯಿ ಸುಲಿಯುವ ಮೆಷೀನನ್ನು ಬಿಚ್ಚಿ ಜೋಡಿಸಿದವನು. ತೋಟದ ಮೋಟರಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆಯೋ ಇಲ್ಲವೋ ಹೇಳುತ್ತಾನೆ. ಅದು ಯಾರಿಗೂ ನೆನಪಾಗಲಿಲ್ಲ.

"ಈ ರ್‍ಯಾಂಕಿಗೆ ಮೆಕ್ಯಾನಿಕಲ್ ತಗೊಂಡ್ರೆ ರ್‍ಯಾಂಕ್ ವೇಸ್ಟ್ ಅಲ್ವಾ?" ಅಂದರು ಪಕ್ಕದ ಮನೆಯವರು.

ಈ ಮಾತನ್ನು ನಾನು ಕರ್ನಾಟಕದ ಉದ್ದಗಲಕ್ಕೂ ಕೇಳಿದ್ದೇನೆ. ರ್‍ಯಾಂಕ್ ಅಂದರೆ ದುಡ್ಡು ಇದ್ದ ಹಾಗೆ. ಪೂರ್ತಿ ಖರ್ಚು ಮಾಡಲೇಬೇಕು. ಐದು ಸಾವಿರದ ರ್‍ಯಾಂಕಿಗೆ ಸಿಎಸ್, ಅಂದರೆ ಕಂಪ್ಯೂಟರ್ ಸೈನ್ಸ್, ಸಿಗುವಾಗ ಐವತ್ತು ಸಾವಿರದ ರ್‍ಯಾಂಕಿಗೂ ಸಿಗುವ ಮೆಕ್ಯಾನಿಕಲ್ ತಗೊಂಡರೆ, ಐನೂರರ ನೋಟು ಕೊಟ್ಟು ಚಿಲ್ಲರೆ ಬಿಟ್ಟು ಬಂದ ಹಾಗಂತೆ. ಹುಡುಗನಿಗೆ ಮಸಾಲೆ ದೋಸೆ ಬೇಕು, ಆದರೆ ಜೇಬಿನಲ್ಲಿ ಜಾಸ್ತಿ ದುಡ್ಡಿದೆ, ಅದಕ್ಕೇ ಪಿಜ್ಜಾ ತಿನ್ನಲೇಬೇಕು.

ಭಾವನ ವಿಷಯ ಸ್ವಲ್ಪ ಹೇಳಬೇಕು. ಅವರು ಕೊಬ್ಬರಿ ವ್ಯಾಪಾರಿ. ಮಾರುಕಟ್ಟೆ ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದಾಗ, ತಿಪಟೂರು ಎಪಿಎಂಸಿಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಮಾರಿ ಬಂದವರು. ಎಲ್ಲರೂ ಶುಂಠಿ ಹಾಕಿದ ವರ್ಷ ಶುಂಠಿಗೆ ಏನಾಗುತ್ತದೆ, ಎಲ್ಲರೂ ಟೊಮೆಟೊ ಹಾಕಿದ ವರ್ಷ ಕೋಲಾರದ ರಸ್ತೆ ಬದಿ ಯಾಕೆ ಕೆಂಪಾಗುತ್ತದೆ, ಎಲ್ಲ ಬಲ್ಲರು. "ಊರೆಲ್ಲಾ ಹಾಕಿದ್ದನ್ನ ನೀನೂ ಹಾಕಿದ್ರೆ ಕೆಟ್ಟೆ" ಅಂತ ತಮ್ಮನಿಗೆ ವರ್ಷಕ್ಕೊಮ್ಮೆ ಬುದ್ಧಿ ಹೇಳುತ್ತಾರೆ.

ಅದೇ ಭಾವ ಆ ರಾತ್ರಿ ಪಟ್ಟಿಯ ಮೊದಲ 190 ಆಪ್ಷನ್‌ಗಳನ್ನೂ ಕಂಪ್ಯೂಟರ್ ಸೈನ್ಸೇ ಹಾಕಿಸಿದರು. "ಊರೆಲ್ಲಾ ಅದನ್ನೇ ಹಾಕ್ತಾ ಇದಾರೆ ಅಂದ್ರೆ ಸುಮ್ನೆನಾ?" ಅಂದರು. ನಾನು ಶುಂಠಿ ನೆನಪಿಸಿದೆ. "ಇದು ಬೆಳೆ ಅಲ್ಲ ಕಣಯ್ಯಾ, ಮಗ" ಅಂತ ಗದರಿದರು.

ಕಂಪ್ಯೂಟರ್ ಸೈನ್ಸ್ ಅಂದರೂ ಒಂದೇ ಇಲ್ಲ. ಅದಕ್ಕೀಗ ಬ್ರಾಕೆಟ್ಟುಗಳು ಹುಟ್ಟಿವೆ. ಸಿಎಸ್, ಬ್ರಾಕೆಟ್ಟಿನಲ್ಲಿ ಎಐ ಮತ್ತು ಎಂಎಲ್. ಸಿಎಸ್, ಬ್ರಾಕೆಟ್ಟಿನಲ್ಲಿ ಡೇಟಾ ಸೈನ್ಸ್. ಬ್ರಾಕೆಟ್ಟಿನಲ್ಲಿ ಸೈಬರ್ ಸೆಕ್ಯುರಿಟಿ. ಸಿಎಸ್ ಮತ್ತು ಡಿಸೈನ್. ಸಿಎಸ್ ಮತ್ತು ಬಿಸಿನೆಸ್ ಸಿಸ್ಟಮ್ಸ್. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇದು: ಕಂಪ್ಯೂಟರ್ ಸೈನ್ಸ್ ಅಂಡ್ ಇಂಜಿನಿಯರಿಂಗ್, ಬ್ರಾಕೆಟ್ ಓಪನ್, ಇಂಟರ್ನೆಟ್ ಆಫ್ ಥಿಂಗ್ಸ್ ಅಂಡ್ ಸೈಬರ್ ಸೆಕ್ಯುರಿಟಿ ಇನ್‌ಕ್ಲೂಡಿಂಗ್ ಬ್ಲಾಕ್‌ಚೈನ್ ಟೆಕ್ನಾಲಜಿ, ಬ್ರಾಕೆಟ್ ಕ್ಲೋಸ್. ನಾನು ಕಟ್ಟಿದ್ದಲ್ಲ, ನಿಜವಾಗಿ ಇರುವ ಬ್ರಾಂಚು. ಹಳೇ ಕಾಲದ ರಾಜರ ಬಿರುದಾವಳಿ ಇಷ್ಟುದ್ದ ಇರುತ್ತಿತ್ತು. ಅವರಾದರೂ ಒಂದೆರಡು ಯುದ್ಧ ಗೆದ್ದಿರುತ್ತಿದ್ದರು.

"ಬ್ಲ್ಯಾಕ್ ಚೈನ್ ಅಂದ್ರೆ ಕರಿಮಣಿ ಸರಾನಾ?" ಅಂದರು ಅಜ್ಜಿ. "ಅದೆಲ್ಲ ಮದುವೆ ಟೈಮಲ್ಲಿ ನೋಡ್ಕೊಳಣ ಬಿಡ್ರೋ." ಆ ರಾತ್ರಿ ಬ್ಲಾಕ್‌ಚೈನ್ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಲಿಲ್ಲ.

ವೈಟ್‌ಫೀಲ್ಡಿನ ಕಸಿನ್ ಮಾತ್ರ ಮುಖ ಸಣ್ಣದು ಮಾಡಿಕೊಂಡಿದ್ದ. ಅವನು ಬೆಂಚ್ ಮೇಲೆ, ಅಂದರೆ ಕಂಪನಿಯಲ್ಲಿ ಪ್ರಾಜೆಕ್ಟ್ ಇಲ್ಲದೆ, ಕೂತು ಮೂರು ತಿಂಗಳಾಗಿತ್ತು. ಕೋಡನ್ನೆಲ್ಲ ಈಗ ಎಐ ಬರೆಯುತ್ತಿದೆ, ಸ್ವಲ್ಪ ಯೋಚನೆ ಮಾಡಿ ಅಂದ. ಭಾವನ ತಮ್ಮ ಕೂಡಲೇ ಪರಿಹಾರ ಕೊಟ್ಟರು. "ಹಂಗಾದ್ರೆ ಎಐ ಬ್ರಾಂಚೇ ಮೇಲೆ ಹಾಕು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂಗೆ." ಗಾದೆ ಯಾವ ಕಡೆಯಿಂದ ಹೊಂದುತ್ತದೆ ಅಂತ ಯಾರೂ ಕೇಳಲಿಲ್ಲ. ಎಐ ಮೇಲಕ್ಕೆ ಹೋಯಿತು.

ನಾನೂ ಒಂದು ಕೈ ನೋಡಿದೆ. ಮೈಕ್ರೋಸಾಫ್ಟಿನ ಸತ್ಯ ನಾದೆಲ್ಲ ಓದಿದ್ದು ನಮ್ಮ ಮಣಿಪಾಲದಲ್ಲಿ, ಎಲೆಕ್ಟ್ರಿಕಲ್. ಗೂಗಲ್‌ನ ಸುಂದರ್ ಪಿಚೈ ಓದಿದ್ದು ಖರಗ್‌ಪುರದ ಐಐಟಿಯಲ್ಲಿ, ಮೆಟಲರ್ಜಿ, ಅಂದರೆ ಲೋಹದ ವಿದ್ಯೆ. ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಮೈಸೂರಿನ ಎನ್‌ಐಇಯಲ್ಲಿ ಎಲೆಕ್ಟ್ರಿಕಲ್. ಒಬ್ಬರಿಗೂ ಮೊದಲ ಡಿಗ್ರಿಯಲ್ಲಿ ಸಿಎಸ್ ಇರಲಿಲ್ಲ ಅಂದೆ. ಸಭೆ ಒಂದು ಕ್ಷಣ ಯೋಚಿಸಿತು. ಟ್ಯೂಷನ್ ಮೇಷ್ಟ್ರು ನಿಧಾನವಾಗಿ, "ಪಾಪ, ರ್‍ಯಾಂಕ್ ಬಂದಿಲ್ಲ ಅನ್ಸುತ್ತೆ" ಅಂದರು.

ವಿಶ್ವೇಶ್ವರಯ್ಯನವರ ಹೆಸರು ಎತ್ತುವ ಧೈರ್ಯ ನನಗೆ ಬರಲಿಲ್ಲ. ಅವರು ಸಿವಿಲ್. ಸೆಪ್ಟೆಂಬರ್ 15ಕ್ಕೆ ಇಂಜಿನಿಯರ್ಸ್ ಡೇ ಅಂತ ಎಲ್ಲ ಕಾಲೇಜುಗಳಲ್ಲೂ ಅವರ ಫೋಟೊಗೆ ಹಾರ ಬೀಳುತ್ತದೆ. 1917ರಲ್ಲಿ ಅವರು ಬೆಂಗಳೂರಿನಲ್ಲಿ ಶುರುಮಾಡಿಸಿದ ಕಾಲೇಜಿನಲ್ಲಿ ಮೊದಲಿಗೆ ಇದ್ದದ್ದು ಸಿವಿಲ್ ಮತ್ತು ಮೆಕ್ಯಾನಿಕಲ್. ಅದೇ ಈಗಿನ ಯುವಿಸಿಇ. ಈಗ ಸಿವಿಲ್ ಮುಚ್ಚಿದ ಕಾಲೇಜಿನ ಪ್ರಿನ್ಸಿಪಾಲರೂ ಪೇಟ ತೊಟ್ಟ ಆ ಫೋಟೊ ಮುಂದೆ ದೀಪ ಹಚ್ಚುತ್ತಾರೆ. ವಿಶ್ವೇಶ್ವರಯ್ಯನವರೇ ಇವತ್ತು ತಮ್ಮೂರು ಮುದ್ದೇನಹಳ್ಳಿಯಿಂದ ಬಂದು ಕೌನ್ಸೆಲಿಂಗಿಗೆ ನಿಂತು, ಸಿವಿಲ್ ಸಿಕ್ಕಿತು ಅಂದಿದ್ದರೆ, ಊರವರು "ಮುಂದಿನ ರೌಂಡಲ್ಲಿ ನೋಡೋಣ ಬಿಡಪ್ಪ" ಅಂತ ಬೆನ್ನು ತಟ್ಟುತ್ತಿದ್ದರು.

ಕಾಲೇಜುಗಳನ್ನು ಬೈದು ಪ್ರಯೋಜನವಿಲ್ಲ. ಗಿರಾಕಿ ಕೇಳಿದ್ದನ್ನು ಅಂಗಡಿಯವರು ಇಡುತ್ತಾರೆ. ಒಂದು ಬ್ರಾಂಚಿಗೆ ಇಷ್ಟೇ ಸೀಟು ಅನ್ನುವ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2024ರಲ್ಲಿ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ತೆಗೆದುಹಾಕಿತು. ಚೆನ್ನಾಗಿ ನಡೆಯದ ಕಾಲೇಜು ಅಂತ ತನ್ನನ್ನು ತಾನು ಯಾರು ಕರೆದುಕೊಳ್ಳುತ್ತಾರೆ? ಸಿಎಸ್ ಸೀಟಿಗೆ ಎಷ್ಟು ನೂಕುನುಗ್ಗಲು ಅಂದರೆ, ಅದೇ ವರ್ಷದ ಕೊನೆಗೆ ಸೀಟ್ ಬ್ಲಾಕಿಂಗ್, ಅಂದರೆ ಸೇರುವ ಉದ್ದೇಶವಿಲ್ಲದೆ ಸೀಟು ಹಿಡಿದಿಡುವುದು, ಅಂತ ಪೊಲೀಸ್ ಕೇಸೂ ಆಯಿತು. ಮ್ಯಾನೇಜ್‌ಮೆಂಟ್ ಕೋಟಾ ರೇಟು ನಾನು ಬರೆಯುವುದಿಲ್ಲ. ಫೋನಿನಲ್ಲಿ ಅದನ್ನು ಕೇಳಿದ ಮೇಲೆ ಭಾವ ಕಿಟಕಿಯಿಂದ ತೋಟದ ಕಡೆ ತುಂಬಾ ಹೊತ್ತು ನೋಡುತ್ತಾ ನಿಂತಿದ್ದರು, ಅಷ್ಟು ಹೇಳಬಲ್ಲೆ.

ಇಷ್ಟಕ್ಕೂ ಓಡುತ್ತಿರುವುದು ಒಳ್ಳೇ ಸಂಬಳಕ್ಕೆ ತಾನೇ? ದೊಡ್ಡ ಸಾಫ್ಟ್‌ವೇರ್ ಸರ್ವಿಸ್ ಕಂಪನಿಗಳು ಹೊಸಬರಿಗೆ ವರ್ಷಕ್ಕೆ ಕೊಡುವುದು ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಬೆಂಗಳೂರಿನ ಪಿಜಿ ಬಾಡಿಗೆಗೆ ಈ ಸಂಯಮ ಇಲ್ಲ. ಇದನ್ನು ಹೇಳಿದರೆ ಎಲ್ಲರೂ ಯಾರದೋ ಮಗನ ಕಥೆ ಹೇಳುತ್ತಾರೆ. ಅವನಿಗೆ ನಲವತ್ತು ಲಕ್ಷದ ಪ್ಯಾಕೇಜ್. ಪ್ರತಿ ಊರಿನಲ್ಲೂ ಅಂಥವನೊಬ್ಬ ಇದ್ದಾನೆ. ಯಾರೂ ಅವನನ್ನು ಕಣ್ಣಾರೆ ನೋಡಿಲ್ಲ. ಕಾಲೇಜಿನ ಫ್ಲೆಕ್ಸಿನಲ್ಲಿ ನೋಡಿದ್ದಾರೆ.

ಮೊದಲ ರೌಂಡಿನಲ್ಲಿ ಏನೋ ಒಂದು ಸಿಕ್ಕಿತು. ಛಾಯ್ಸ್ ಎರಡು ಒತ್ತಿದರು. ಸೀಟು ಕೈಯಲ್ಲಿರಲಿ, ಇನ್ನೂ ಒಳ್ಳೇದು ಬಂದರೆ ಅದೂ ಇರಲಿ ಅನ್ನುವ ಛಾಯ್ಸ್ ಅದು. ಹುಡುಗಿ ನೋಡಲು ಹೋದ ಮನೆಯಲ್ಲಿ ಹೀಗೆ ಹೇಳಿ ನೋಡಿ. ಎರಡನೇ ರೌಂಡಿನಲ್ಲಿ ರಾಜರ ಬಿರುದಾವಳಿಯೇ ಸಿಕ್ಕಿತು. ಮನೆಯಲ್ಲಿ ಹೋಳಿಗೆ.

ಅಡ್ಮಿಷನ್ನಿಗೆ ನಾನೂ ಹೋಗಿದ್ದೆ. ಕಾಲೇಜಿನ ತಾರಸಿ ಮೇಲೆ ಇನ್ನೊಂದು ಮಹಡಿ ಏಳುತ್ತಿತ್ತು. ಸಿಎಸ್ ಸೀಟು ಜಾಸ್ತಿಯಾಗಿ ಕ್ಲಾಸ್‌ರೂಮ್ ಸಾಲುತ್ತಿಲ್ಲವಂತೆ. ಕೆಳಗೆ ಹಳದಿ ಹೆಲ್ಮೆಟ್ ಹಾಕಿಕೊಂಡು ಒಬ್ಬರು ಸೆಂಟ್ರಿಂಗ್ ಲೆಕ್ಕ ನೋಡುತ್ತಿದ್ದರು. ಮಾತಾಡಿಸಿದೆ. ಅವರು ಅಲ್ಲಿಯ ಸಿವಿಲ್ ಪ್ರೊಫೆಸರ್. ಮಕ್ಕಳಿಲ್ಲ ಅಂತ ವಿಭಾಗ ಮುಚ್ಚಿದ್ದಾರೆ. ಈಗ ಬೆಳಿಗ್ಗೆ ಫಸ್ಟ್ ಇಯರ್‌ಗೆ ಪೈಥಾನ್ ಪಾಠ, ಮಧ್ಯಾಹ್ನದ ಮೇಲೆ ಇಲ್ಲಿ ಉಸ್ತುವಾರಿ. "ಪೈಥಾನ್ ನಾನೂ ಇವರ ಜೊತೆಗೇ ಕಲೀತಾ ಇದೀನಿ" ಅಂತ ನಕ್ಕರು.

ಅಷ್ಟರಲ್ಲಿ ಕಾಂಕ್ರೀಟ್ ಮಿಕ್ಸರ್ ಕರಕರ ಅಂದು ನಿಂತುಹೋಯಿತು. ಆಳುಗಳು ಸುತ್ತ ನಿಂತು ನೋಡುತ್ತಿದ್ದರು. ನೋಡನೋಡುತ್ತಾ ನಮ್ಮ ಹುಡುಗ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಚೈನ್ ಕಳಚಿತ್ತು. ಸ್ಪ್ಯಾನರ್ ಇಸಿದುಕೊಂಡು, ಚೈನ್ ಏರಿಸಿ, ಬಿಗಿ ಮಾಡಿ, ಕೈ ಸನ್ನೆ ಮಾಡಿದ. ಮಿಕ್ಸರ್ ತಿರುಗಿತು. ಆಪ್ಷನ್ ಎಂಟ್ರಿಯ ರಾತ್ರಿಯಿಂದ ಆವತ್ತಿನವರೆಗೆ ಅವನು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಬಾರೋ ಇತ್ಲಾಗೆ, ಅಂಗಿಗೆ ಗ್ರೀಸ್ ಹತ್ತುತ್ತೆ!" ಭಾವ ಕೂಗಿದರು. ಆಮೇಲೆ ಪ್ರೊಫೆಸರ್ ಕಡೆ ತಿರುಗಿ, ಬಲು ವಿನಯದಿಂದ, "ಸಾರ್, ಈ ಬ್ಲಾಕ್‌ಚೈನ್ ಲ್ಯಾಬ್ ಎಲ್ಲಿ ಬರುತ್ತೆ?" ಅಂದರು.

ಪ್ರೊಫೆಸರ್ ಹೆಲ್ಮೆಟ್ ಹಿಂದಕ್ಕೆ ಸರಿಸಿ ಮೇಲೆ ಕೈ ತೋರಿಸಿದರು. "ಆ ಫ್ಲೋರು. ಸ್ಲ್ಯಾಬ್ ಮುಂದಿನ ವಾರ ಹಾಕ್ತೀವಿ."