ಮಾಂಗಾ ಮುಖಪುಟ ಬದಲಾದರೆ ತಪ್ಪೇನು?

ಮಾಂಗಾ ಅಂದರೆ ಜಪಾನೀ ಕಾಮಿಕ್ಸ್. ಅದರ ಅಭಿಮಾನಿಗಳಲ್ಲಿ ಒಂದು ಹಟವಿದೆ. ಜಪಾನಿನಲ್ಲಿ ಯಾವ ಮುಖಪುಟವಿತ್ತೋ ಅನುವಾದಕ್ಕೂ ಅದೇ ಇರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಕೂಡದು. ನನಗೆ ಇದು ಒಪ್ಪಿಗೆಯಿಲ್ಲ. ಧಾರಾಳವಾಗಿ ಬದಲಾಯಿಸಲಿ, ಆದರೆ ಬದಲಾಯಿಸುವವರಿಗೆ ಕಣ್ಣಿರಬೇಕು.

ಮಾಂಗಾ ಕಲಾವಿದ ಒಸಾಮು ತೆಜುಕಾ ಅವರ ‘ಬುದ್ಧ’ವನ್ನೇ ನೋಡಿ. 1972ರಿಂದ 1983ರವರೆಗೆ ಜಪಾನಿನಲ್ಲಿ ಧಾರಾವಾಹಿಯಾಗಿ ಬಂದ, ನಮ್ಮ ಕಪಿಲವಸ್ತುವಿನ ರಾಜಕುಮಾರನ ಕಥೆ. ನ್ಯೂಯಾರ್ಕಿನ ವರ್ಟಿಕಲ್ ಸಂಸ್ಥೆ 2003ರಿಂದ ಅದನ್ನು 8 ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದಾಗ ಮುಖಪುಟಗಳನ್ನು ಪುಸ್ತಕ ವಿನ್ಯಾಸಕ ಚಿಪ್ ಕಿಡ್ ಅವರಿಗೆ ವಹಿಸಿತು. ‘ಜುರಾಸಿಕ್ ಪಾರ್ಕ್’ ಕಾದಂಬರಿಯ ಮೇಲಿನ ಡೈನೋಸಾರ್ ಅಸ್ಥಿಪಂಜರ ಇವರದೇ ಕೈಚಳಕ. ಕಿಡ್ ತೆಜುಕಾ ಅವರ ಗೆರೆಗಳನ್ನು ಬಿಟ್ಟುಕೊಡದೆ, ಕಾಮಿಕ್ಸ್ ಎಂದರೆ ಮೂಗು ಮುರಿಯುವವರೂ ಕೈಗೆತ್ತಿಕೊಳ್ಳುವಂತಹ ಪುಸ್ತಕ ಮಾಡಿಕೊಟ್ಟರು. ಇದನ್ನು ಮೂಲಕ್ಕೆ ಮಾಡಿದ ದ್ರೋಹ ಎನ್ನುವವರ ಜೊತೆ ನಾನು ಜಗಳಕ್ಕೆ ಸಿದ್ಧ.

ನನ್ನ ತಕರಾರು ಬೇರೆ ಕಡೆ ಇದೆ. ‘ಡ್ರ್ಯಾಗನ್ ಬಾಲ್’ನ ಜಪಾನೀ ಆವೃತ್ತಿಯ 42 ಸಂಪುಟಗಳನ್ನು ಸಾಲಾಗಿ ನಿಲ್ಲಿಸಿದರೆ ಅವುಗಳ ಬೆನ್ನುಗಳೆಲ್ಲ ಸೇರಿ ಒಂದೇ ಉದ್ದನೆಯ ಚಿತ್ರವಾಗುತ್ತದೆ. ಅಮೆರಿಕದಲ್ಲಿ ಟೀವಿ ಕಾರ್ಟೂನಿಗೆ ಎರಡು ಹೆಸರಿದ್ದವೆಂದು ಪುಸ್ತಕವನ್ನೂ 16 ಮತ್ತು 26 ಸಂಪುಟಗಳ ಎರಡು ಸರಣಿಯಾಗಿ ಸೀಳಿದರು. ಹದಿನಾರರ ಪಕ್ಕದಲ್ಲಿ ಮತ್ತೆ ಒಂದನೆಯ ಸಂಪುಟ! ಕಪಾಟು ತುಂಬಿಸುವವನ ಸಂಭ್ರಮವೇನೆಂದು ಇವರಿಗೆ ಗೊತ್ತೇ ಇಲ್ಲ.

ಅದಕ್ಕೂ ಹಿಂದೆ ಇನ್ನೂ ವಿಚಿತ್ರ ನಡೆಯುತ್ತಿತ್ತು. ಮಾಂಗಾ ಓದುವುದು ಬಲದಿಂದ ಎಡಕ್ಕೆ; ಎಡದಿಂದ ಓದುವವರಿಗೆ ಅನುಕೂಲವಾಗಲೆಂದು ಪುಟಗಳನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸುತ್ತಿದ್ದರು. ಸಮುರಾಯ್‌ಗಳೆಲ್ಲ ಎಡಚರಾದರು. ಕಿಮೋನೋದ ಬಲ ಅಂಚು ಮೇಲೆ ಬಂತು, ಜಪಾನಿನಲ್ಲಿ ಹಾಗೆ ಉಡಿಸುವುದು ಹೆಣಕ್ಕೆ. 2002ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆ ಟೋಕಿಯೋಪಾಪ್ ಈ ಪದ್ಧತಿಗೆ ಕೈಮುಗಿದು ಮೂಲದಂತೆಯೇ ಬಲದಿಂದ ಮುದ್ರಿಸತೊಡಗಿತು, ಓದುಗರು ಗೊಣಗದೆ ಹೊಂದಿಕೊಂಡರು. (ನಮ್ಮೂರುಗಳಲ್ಲಿ ಉರ್ದು ಓದುವವರಿಗೆ ಇದರಲ್ಲಿ ಹೊಸತೇನಿದೆ?)

ಇನ್ನು ಮೇಲುಹೊದಿಕೆಯ ಮಾತು. ಜಪಾನಿನಲ್ಲಿ ಅಗ್ಗದ ಮಾಂಗಾಕ್ಕೂ ಕಾಗದದ ಹೊದಿಕೆ ಇರುತ್ತದೆ, ಹೊಸ ಪುಸ್ತಕವಾದರೆ ಅದರ ಮೇಲೊಂದು ಜಾಹೀರಾತಿನ ಪಟ್ಟಿ. ಹೊದಿಕೆ ಕಳಚಿದರೆ ಒಳಗಿನ ರಕ್ಷಾಪುಟದಲ್ಲಿ ಕೆಲವೊಮ್ಮೆ ಲೇಖಕರು ತಮಾಷೆಗೆ ಬಿಡಿಸಿದ ಪುಟ್ಟ ಚಿತ್ರಕಥೆ ಸಿಗುತ್ತದೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ ಹಿರೋಮು ಅರಕಾವಾ ಈ ಕಿತಾಪತಿಯಲ್ಲಿ ಪಳಗಿದವರು. ಅನುವಾದದ ಪೇಪರ್‌ಬ್ಯಾಕಿಗೆ ಸಾಮಾನ್ಯವಾಗಿ ಹೊದಿಕೆ ಇರುವುದಿಲ್ಲ. ಖರ್ಚಿನ ಲೆಕ್ಕ ನನಗೂ ಅರ್ಥವಾಗುತ್ತದೆ, ಹೊದಿಕೆ ಬೇಡ. ಆ ಚಿತ್ರಗಳನ್ನು ಕೊನೆಯ ಪುಟದಲ್ಲಿ ಕಪ್ಪುಬಿಳುಪಿನಲ್ಲಾದರೂ ಹಾಕಿ. ಮುಂದಿನ ಸಂಪುಟದ ಜಾಹೀರಾತಿಗೆ ಜಾಗ ಸಿಗುತ್ತದಲ್ಲ, ಇದಕ್ಕೇಕೆ ಸಿಗುವುದಿಲ್ಲ?