ಮಷೀನಿಗೆ ಬಂದ ಹರಿಶ್ಚಂದ್ರ

ಹ್ಯಾಂಡಲ್ ಸುತ್ತು ಎಣಿಸುತ್ತಿರುವವನನ್ನು ಮಾತಾಡಿಸಬಾರದು ಎಂಬುದು ವರ್ಕ್‌ಶಾಪಿನ ಹಳೇ ಮಡಿ. ಐದು, ಆರು, ಏಳು ಎಂದು ಬಾಯಲ್ಲೇ ಗುನುಗುತ್ತ ಲೋಹ ಕೊರೆಯುವ ಮಿಲ್ಲಿಂಗ್ ಮಷೀನಿನ ಟೇಬಲ್ ಸರಿಸುತ್ತಿದ್ದಾಗ ಯಾರೋ ‘ಅಣ್ಣಾ, ಟೀ ಬಂತು’ ಅಂದರೆ ಮುಗಿಯಿತು. ಆಗಿದ್ದು ಏಳೋ ಎಂಟೋ? ಸ್ಕ್ರೂವಿನ ಪಿಚ್, ಅಂದರೆ ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ, 5 ಮಿಮೀ ಇದ್ದರೆ ಆ ಟೀಗೆ ಬೆಲೆ 5 ಮಿಮೀ. ಆಮೇಲೆ ತೂತು ಎಲ್ಲೋ, ಡ್ರಾಯಿಂಗ್ ಎಲ್ಲೋ.

ಇದಕ್ಕೆ ಮದ್ದು ಡಿಆರ್‌ಒ, ಅಂದರೆ ಡಿಜಿಟಲ್ ರೀಡ್‌ಔಟ್. ಟೇಬಲ್ಲಿನ ಬೆನ್ನಿಗೆ ಗಾಜಿನ ಸ್ಕೇಲು, ಅದರುದ್ದಕ್ಕೂ ಓಡುವ ಹೆಡ್ಡು, ಕಣ್ಣೆದುರು ಕೆಂಪು ಅಂಕಿಗಳ ಡಬ್ಬಿ. ಅದು ಸ್ಕ್ರೂವನ್ನು ಕೇಳುವುದೇ ಇಲ್ಲ, ಟೇಬಲ್ ಎಷ್ಟು ಸರಿಯಿತು ಎಂದು ನೇರವಾಗಿ ನೋಡುತ್ತದೆ. ಸ್ಕ್ರೂವಿನ ಪ್ಲೇ (ಸಡಿಲ) ಎಷ್ಟೇ ಇದ್ದರೂ ಲೆಕ್ಕಕ್ಕಿಲ್ಲ. ಸತ್ಯಹರಿಶ್ಚಂದ್ರನೇ ಸರಿ. ಆದರೆ ಈ ಹರಿಶ್ಚಂದ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾನೆ. ಕೇಳದಿದ್ದದ್ದನ್ನು ತಾನಾಗಿ ಹೇಳುವ ಪೈಕಿ ಅಲ್ಲ.

ಫಜೀತಿ ಶುರುವಾಗುವುದು ಕೂರಿಸುವ ದಿನವೇ. ಪೀಣ್ಯದ ಶೆಡ್ಡುಗಳಲ್ಲಿ ಇವತ್ತಿಗೂ ದುಡಿಯುತ್ತಿರುವ ಹಳೇ ಎಚ್‌ಎಂಟಿ ಮಿಲ್ಲಿಂಗ್ ಮಷೀನು, ಹರಿಹರದ ಕಿರ್ಲೋಸ್ಕರ್ ಲೇತುಗಳ ಮೈಮೇಲೆ ಬಣ್ಣದ ಕೋಟಿನ ಮೇಲೆ ಕೋಟು, ಅದರಡಿ ಪುಟ್ಟಿ. ಆ ಪುಟ್ಟಿಯ ಮೇಲೇ ಬ್ರಾಕೆಟ್ ಬಿಗಿದರೆ ಇವತ್ತು ಗಟ್ಟಿ, ಹದಿನೈದು ದಿನಕ್ಕೆ ಪುಟ್ಟಿ ಪುಡಿಯಾಗಿ ಬ್ರಾಕೆಟ್ ಅಲ್ಲಾಡುತ್ತದೆ, ಅಂಕಿಯೂ ಅದರ ಜೊತೆ ಅಲ್ಲಾಡುತ್ತದೆ. ಮೈಯ ಬೀಡುಕಬ್ಬಿಣ ಕಾಣುವ ತನಕ ಕೆರೆಯಬೇಕು. ಎಂ6 ಬೋಲ್ಟಿಗೆ 5 ಮಿಮೀ ಡ್ರಿಲ್, ಎಂ5ಕ್ಕೆ 4.2. ಪೆಟ್ಟಿಗೆಯಲ್ಲಿ 4.2 ಸಿಗಲಿಲ್ಲವೆಂದು 4ರಲ್ಲೇ ತೂತು ಹೊಡೆದವನ, ಥ್ರೆಡ್ ಕೊರೆಯುವ ಟ್ಯಾಪು ಬೀಡಿನೊಳಗೇ ಮುರಿಯುತ್ತದೆ. ಮುರಿದ ಟ್ಯಾಪನ್ನು ಪಂಚಿನಿಂದ ಕುಟ್ಟಿ ತೆಗೆಯುವ ಹೊತ್ತಿಗೆ ಹೊಸ ತೂತೇ ಹೊಡೆದು, ಟೀ ಕುಡಿದು ಬರಬಹುದಿತ್ತು.

ಹಳೇ ಮೈ ಎಲ್ಲೂ ಸಮ ಇರುವುದಿಲ್ಲ. ಅದಕ್ಕೇ ಹಿಂದೆ ಒಂದು ಪ್ಲೇಟ್ ಕೊಟ್ಟು, ಗ್ರಬ್ ಸ್ಕ್ರೂಗಳಿಂದ ಎತ್ತಿ ಇಳಿಸಿ, ಮ್ಯಾಗ್ನೆಟ್ ಸ್ಟ್ಯಾಂಡಿಗೆ ಡಯಲ್ (ಏರಿಳಿತ ತೋರಿಸುವ ಮುಳ್ಳಿನ ಗೇಜು) ಕಟ್ಟಿ ಸ್ಕೇಲಿನ ಎರಡು ಮುಖಗಳನ್ನೂ ಇಡೀ ಉದ್ದಕ್ಕೆ 0.1 ಮಿಮೀ ಒಳಗೆ ತರಬೇಕು. ‘ಸ್ವಲ್ಪ ಓರೆ ಇದ್ದರೆ ಅಳತೆ ತಪ್ಪುತ್ತದಲ್ಲಾ’ ಎಂದು ಎಲ್ಲರೂ ಹೆದರುತ್ತಾರೆ. ಲೆಕ್ಕ ಹಾಕಿ ನೋಡಿ: 500 ಮಿಮೀ ಉದ್ದಕ್ಕೆ ಪೂರ್ತಿ 1 ಮಿಮೀ ಓರೆಯಾದರೂ ಅಳತೆಯಲ್ಲಿ ಬರುವ ತಪ್ಪು 1 ಮೈಕ್ರಾನ್, ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಿಜವಾದ ಅಪಾಯ ಗ್ಯಾಪಿನದು. ಹೆಡ್ಡಿಗೂ ಸ್ಕೇಲಿನ ಮೈಗೂ ನಡುವೆ ಇರುವುದೇ ಸುಮಾರು 1 ಮಿಮೀ. ಓರೆಯಾದರೆ ಒಂದು ತುದಿಯಲ್ಲಿ ಉಜ್ಜುತ್ತದೆ, ಇನ್ನೊಂದು ತುದಿಯಲ್ಲಿ ಎಳೆಯುತ್ತದೆ. ಈ ಗ್ಯಾಪ್ ಸರಿಯಾಗಿ ಇರಲೆಂದೇ ಹೆಡ್ಡಿನ ಅಕ್ಕಪಕ್ಕ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ ಕಳಿಸಿರುತ್ತಾರೆ. ಅವಸರದವರು ಡಬ್ಬಿ ಬಿಚ್ಚಿದ ಕೂಡಲೇ ಕಿತ್ತೆಸೆಯುತ್ತಾರೆ; ಮರೆವಿನವರು ಬಿಗಿದ ಮೇಲೂ ತೆಗೆಯದೆ ಫೀಡ್ ಹಾಕುತ್ತಾರೆ. ಇಬ್ಬರೂ ಕೊನೆಗೆ ಹೊಸ ಸ್ಕೇಲಿನ ರೇಟು ಕೇಳಲು ಒಂದೇ ಅಂಗಡಿಗೆ ಹೋಗುತ್ತಾರೆ.

ಸ್ಕೇಲು ಟೇಬಲ್ಲಿನ ಓಟಕ್ಕಿಂತ ಉದ್ದ ಇರಲೇಬೇಕು. 600 ಓಡುವ ಟೇಬಲ್ಲಿಗೆ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 550ರ ಸ್ಕೇಲು ಕೂರಿಸಿದರೆ ಕೊನೆಯ 50ರಲ್ಲಿ ಹೆಡ್ಡು ಗೋಡೆಗೆ ಹೋಗಿ ಗುದ್ದುತ್ತದೆ. ಒಳಗಿರುವುದು ಗಾಜು. ಮೊದಲ ಸಲ ಎರಡು ತುದಿಗೂ ಕೈಯಲ್ಲೇ ಸುತ್ತಿ ನೋಡಬೇಕು, ಪವರ್ ಫೀಡ್ ಆಮೇಲೆ. ಇನ್ನೊಂದು ವಿಚಾರ ಯಾರಿಗೂ ಮೊದಲೇ ಹೊಳೆಯುವುದಿಲ್ಲ: ಟೇಬಲ್ಲಿನ ಹಿಂಬದಿಗೆ ಸ್ಕೇಲು, ಅದರ ಮೇಲೊಂದು ಕವರ್ ಬಂದರೆ ಟೇಬಲ್ ಕಾಲಮ್ (ಮಷೀನಿನ ಹಿಂದಿನ ಕಂಬ) ಕಡೆಗೆ ಹೋಗುವ ಜಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಅದು ಗೊತ್ತಾಗುವುದು ‘ಕಟಕ್’ ಅಂದಾಗ.

ಸ್ಕೇಲಿನ ರಬ್ಬರ್ ತುಟಿ ಕೆಳಮುಖವಾಗಿರಬೇಕು. ಮೇಲ್ಮುಖವಾಗಿಟ್ಟರೆ ಕೂಲಂಟಿಗೂ (ತಂಪು ಮಾಡುವ ದ್ರವ) ಚಿಪ್ಸಿಗೂ (ಲೋಹದ ಚೂರು) ಬಾಯಿ ತೆರೆದು ಕೂತಂತೆ. ಗಾಜಿನ ರಗಳೆಯೇ ಬೇಡವೆಂದು ಮ್ಯಾಗ್ನೆಟಿಕ್ ಟೇಪಿನ ಸ್ಕೇಲು ಹಾಕಿಸಿಕೊಳ್ಳುವವರೂ ಇದ್ದಾರೆ. ನೀರು, ಎಣ್ಣೆ ಎಲ್ಲಕ್ಕೂ ಜಗ್ಗುವುದಿಲ್ಲ. ಆದರೆ ಡಯಲ್ ಸ್ಟ್ಯಾಂಡಿನ ಮ್ಯಾಗ್ನೆಟ್ಟನ್ನು ಒಂದೇ ಒಂದು ಸಲ ಆ ಟೇಪಿನ ಮೇಲೆ ಕೂರಿಸಿ, ಆಯಿತು; ಅಲ್ಲಿಂದ ಮುಂದೆ ಆ ಜಾಗದಲ್ಲಿ ಅದಕ್ಕೆ ಜ್ಞಾಪಕಶಕ್ತಿ ಇಲ್ಲ.

ಇಷ್ಟೆಲ್ಲ ಆಗಿ ಅಂಕಿ ಬೆಳಗಿದ ಮೇಲೆ ಭಕ್ತಿ ಶುರು. ಸಾಮಾನ್ಯ ಗಾಜಿನ ಸ್ಕೇಲಿನಲ್ಲಿ ಗೆರೆಗೆರೆಯ ಅಂತರ 20 ಮೈಕ್ರಾನ್, ಅದನ್ನು ನಾಲ್ಕಾಗಿ ಸೀಳಿ 5 ಮೈಕ್ರಾನ್ ತೋರಿಸುತ್ತಾರೆ. ಕೊನೆಯ ಅಂಕಿ 0 ಅಥವಾ 5, ಬೇರೆ ಯಾವುದೂ ಬರುವುದೇ ಇಲ್ಲ. ‘ಸಾರ್, 12.003 ಎಷ್ಟು ತಿರುಗಿಸಿದರೂ ನಿಲ್ಲುತ್ತಿಲ್ಲ’ ಎಂದು ಹುಡುಗ ಅರ್ಧ ದಿನ ಹ್ಯಾಂಡಲ್ ತಟ್ಟುತ್ತ ಕೂತರೆ ತಪ್ಪು ಅವನದಲ್ಲ, ಹೇಳಿಕೊಡದವರದು. ಓನರಿಗೆ ಇದು ತಿಳಿದ ಕೂಡಲೇ 1 ಮೈಕ್ರಾನಿನ ಸ್ಕೇಲು ಬೇಕೆನ್ನಿಸುತ್ತದೆ. ಸ್ಲೈಡು ಸವೆದು ಟೇಬಲ್ ತೂಗುತ್ತಿರುವ ಮಷೀನಿಗೆ ಒಂದು ಮೈಕ್ರಾನ್! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಸ್ಕೇಲು ಇರುವುದು ಒಂದು ಕಡೆ, ಕಟ್ಟರ್ ಕೆಲಸ ಮಾಡುವುದು ಇನ್ನೊಂದು ಕಡೆ. ಟೇಬಲ್ 100 ಮಿಮೀಗೆ 0.01ರಷ್ಟು ವಾಲಿದರೆ, ಸ್ಕೇಲಿಗಿಂತ 300 ಮಿಮೀ ಎತ್ತರದಲ್ಲಿರುವ ಕಟ್ಟರಿನ ಹತ್ತಿರ 0.03 ತಪ್ಪು. ಡಬ್ಬಿ ಅದನ್ನು ಕಂಡೇ ಇಲ್ಲ, ಹೇಳುವುದೆಲ್ಲಿಂದ?

ಲೇತಿನಲ್ಲಿ ಮೋಸ ಬೇರೆ ಥರ. ಜಾಬ್, ಅಂದರೆ ತಿರುಗುತ್ತ ಕೊರೆಸಿಕೊಳ್ಳುವ ತುಂಡು, 25.40 ದಪ್ಪ ಇದೆ, 25.00 ಬೇಕು. ಡಿಸ್‌ಪ್ಲೇ ಡಯಾಮೀಟರಿನಲ್ಲಿದ್ದರೆ 0.40 ಕೊಡಬೇಕು, ರೇಡಿಯಸ್ಸಿನಲ್ಲಿದ್ದರೆ 0.20. ರಾತ್ರಿ ಶಿಫ್ಟಿನವನು ಬಟನ್ ಬದಲಿಸಿ ಹೋಗಿದ್ದಾನೆ, ಬೆಳಗಿನವನು ನೋಡದೆ 0.40 ಕೊಟ್ಟ. ಕೈಗೆ ಬಂದದ್ದು 24.60. ಟೂಲ್ ಹೊತ್ತ ಮೇಲಿನ ಚಿಕ್ಕ ಸ್ಲೈಡು, ಕಾಂಪೌಂಡ್ ಸ್ಲೈಡಂತೂ ಎರಡು ಆಕ್ಸಿಸ್ ಡಿಆರ್‌ಒ ಪಾಲಿಗೆ ಊರಾಚೆಯ ನೆಂಟ; ಅದನ್ನು ಎಷ್ಟೇ ಸುತ್ತಿ, ಕೆಂಪು ಅಂಕಿ ಕದಲುವುದಿಲ್ಲ.

ಮಿಲ್ಲಿಂಗಿನಲ್ಲಿ ಎಡ್ಜ್ ಫೈಂಡರ್ ಪ್ರಸಂಗ. ಸ್ಪಿಂಡಲ್ಲಿಗೆ (ಕಟ್ಟರ್ ತಿರುಗಿಸುವ ದಂಡ) ಸಿಕ್ಕಿಸಿ ಜಾಬಿನ ಅಂಚು ಹುಡುಕುವ ಕಡ್ಡಿ ಅದು. ಅದರ ತುದಿ 10 ಮಿಮೀ ದಪ್ಪ. ಜಾಬಿನ ಎಡ ಅಂಚಿಗೆ ತಾಗಿದಾಗ ಸ್ಪಿಂಡಲ್ ಇರುವುದು ಅಂಚಿನಿಂದ 5 ಮಿಮೀ ಎಡಕ್ಕೆ. ಒತ್ತಬೇಕಾದ್ದು ಮೈನಸ್ 5. ಅಲ್ಲಿ ಸೊನ್ನೆ ಒತ್ತಿದವನಿಗೆ ಎಲ್ಲ ತೂತುಗಳೂ 5 ಮಿಮೀ ಪಕ್ಕಕ್ಕೆ, ಪ್ಲಸ್ 5 ಒತ್ತಿದವನಿಗೆ 10. ಮಧ್ಯ ಬೇಕಿದ್ದರೆ ಈ ತಲೆನೋವೇ ಇಲ್ಲ: ಒಂದು ಅಂಚಿಗೆ ತಾಗಿಸಿ ಸೊನ್ನೆ, ಎದುರು ಅಂಚಿಗೆ ತಾಗಿಸಿದಾಗ 110 ಬಂತೆನ್ನಿ, ಅರ್ಧದ ಬಟನ್ ಒತ್ತಿ. ಅದು 55 ಆಗುತ್ತದೆ, ಸೊನ್ನೆ ಬರುವ ತನಕ ಹಿಂದೆ ಬಂದರೆ ನಟ್ಟನಡು. ಫೈಂಡರಿನ ದಪ್ಪ ತಾನಾಗಿ ಕಳೆದುಹೋಗುತ್ತದೆ. ಇಡೀ ಡಬ್ಬಿಯಲ್ಲಿ ಇದಕ್ಕಿಂತ ಒಳ್ಳೆಯ ಬಟನ್ ಇಲ್ಲ. ಸಾಲ ಮಾಡಿಯಾದರೂ ಡಿಆರ್‌ಒ ಹಾಕಿಸಿ ಎನ್ನುವುದು ಈ ಒಂದು ಬಟನ್ನಿಗಾಗಿ.

ಕರೆಂಟ್ ಹೋದಾಗ ಮಾತ್ರ ಎಲ್ಲರೂ ಸಮಾನರು. ಹೆಚ್ಚಿನ ಡಬ್ಬಿಗಳು ಕೊನೆಯ ಅಂಕಿ ನೆನಪಿಟ್ಟುಕೊಳ್ಳುತ್ತವೆ, ಆದರೆ ಕತ್ತಲಲ್ಲಿ ಯಾರಾದರೂ ಹ್ಯಾಂಡಲ್ ಮುಟ್ಟಿದರೆ ಅವಕ್ಕೆ ಅದು ತಿಳಿಯುವುದಿಲ್ಲ. ಗಾಜಿನ ಸ್ಕೇಲಿನಲ್ಲಿ ಸಾಮಾನ್ಯವಾಗಿ 50 ಮಿಮೀಗೊಂದು ರೆಫರೆನ್ಸ್ ಗುರುತು ಇರುತ್ತದೆ. ಕೆಲಸ ಶುರು ಮಾಡುವ ಮೊದಲೇ ಅದರಲ್ಲೊಂದನ್ನು ಹಿಡಿದು, ಜಾಬಿನ ಸೊನ್ನೆ ಅದರಿಂದ ಎಷ್ಟು ದೂರ, ಟೇಬಲ್ಲಿನ ಮೇಲೆ ಯಾವ ಭಾಗದಲ್ಲಿ ಎಂದು ಬರೆದಿಟ್ಟವನು ಕರೆಂಟ್ ಬಂದ ಕೂಡಲೇ ಮತ್ತೆ ಸೊನ್ನೆ ಹಿಡಿಯುತ್ತಾನೆ. ಉಳಿದವರು ಎಡ್ಜ್ ಫೈಂಡರ್ ಹುಡುಕುತ್ತಾರೆ.

ಆ ಚೀಟಿ ವರ್ಷದಲ್ಲಿ ಇನ್ನೊಂದು ದಿನವೂ ಬೇಕಾಗುತ್ತದೆ: ಆಯುಧಪೂಜೆಗೆ. ಹಿಂದಿನ ಸಂಜೆಯೇ ಸೀಮೆಎಣ್ಣೆಯಲ್ಲಿ ಮಷೀನಿಗೆ ಅಭ್ಯಂಜನ, ಆಮೇಲೆ ಏರ್ ಗನ್. ಗಾಳಿಯನ್ನು ಸ್ಕೇಲಿನ ತುಟಿಗೆ ಹಿಡಿದರೆ ಹೊರಗಿದ್ದ ಚಿಪ್ಸು ಗಾಜಿನ ತನಕ ಸುಸೂತ್ರವಾಗಿ ಹೋಗಿ ಕೂರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು. ಮಾರನೇ ದಿನ ಬಾಳೆಕಂದು, ಚೆಂಡುಹೂವು, ಕುಂಬಳಕಾಯಿ. ಅರ್ಧಕ್ಕೆ ನಿಂತ ಜಾಬು ವೈಸಿನಲ್ಲೇ ಇದೆ, ಡಬ್ಬಿ ಹೊಸದಲ್ಲವೇ, ಬೆಳಗಲಿ ಅಂತ ಆನ್ ಮಾಡಿದ್ದಾರೆ. ಎಲ್ಲಕ್ಕೂ ಕುಂಕುಮ ಇಡುತ್ತ ಬಂದ ಭಟ್ಟರು ಅದಕ್ಕೂ ಒಂದು ಬೊಟ್ಟು ಒತ್ತುತ್ತಾರೆ, ಸರಿಯಾಗಿ ಎಕ್ಸ್ ಸೊನ್ನೆಯ ಬಟನ್ ಮೇಲೆ.