ಗುಡ್ಡೆ ಮಾರದವರ ಲೆಕ್ಕ

ನಮ್ಮ ಕಾಸರಗೋಡಿನಲ್ಲಿ ಯಾರ ಹತ್ತಿರವಾದರೂ ಖಾಲಿ ಗುಡ್ಡೆ ಇದೆ ಅಂದರೆ ಜನ ಸುಮ್ನೆ ಬಿಡುವುದಿಲ್ಲ. ರಬ್ಬರ್ ಹಾಕಿ ಅನ್ನುತ್ತಾರೆ, ಕೆಂಪುಕಲ್ಲಿನ ಕೋರೆಗೆ ಕೊಡಿ ಅನ್ನುತ್ತಾರೆ. "ಇಷ್ಟು ಜಾಗ ಹಾಳು ಬಿಟ್ಟಿದ್ದೀರಲ್ಲ ಮಾರಾಯ್ರೆ" ಅನ್ನುವುದಂತೂ ಎಲ್ಲರ ಬಾಯಲ್ಲೂ ಇದೆ. ಇದನ್ನು ಕೇಳಿ ಕೇಳಿ ಬೇಸತ್ತ ನನ್ನ ಸೋದರಮಾವ ಈಗ ಒಂದು ಹಟ ಹಿಡಿದಿದ್ದಾರೆ. ಬದಿಯಡ್ಕದ ಆಚೆ ಇರುವ ತಮ್ಮ ಗುಡ್ಡೆಯನ್ನು ಮುಂದೆ ಯಾರೂ ಅಗೆಯದ ಹಾಗೆ ಕಾಗದ ಮಾಡಿಡಬೇಕಂತೆ, ಮಕ್ಕಳು ಮೊಮ್ಮಕ್ಕಳಿಗೂ ಸೇರಿಸಿ. ಮನೆಯಲ್ಲಿ ದೊಡ್ಡ ಚರ್ಚೆ ನಡೆದಿದೆ. ನಾನು ಮಾವನ ಪಕ್ಷ.

ಪ್ರಕೃತಿ ಪ್ರೇಮ ಅಂತೆಲ್ಲ ಹೇಳಿದರೆ ಮಾವ ನಗುತ್ತಾರೆ. ಅವರಿಗೆ ಬೇಕಾದ್ದು ನೀರು. ತೋಟದ ಮೇಲ್ಬದಿಯಲ್ಲಿ, ಗುಡ್ಡೆಯ ಬುಡದಲ್ಲಿ ಅಜ್ಜ ನೀರಿಗಾಗಿ ಅಡ್ಡಕ್ಕೆ ಕೊರೆಸಿದ ಸುರಂಗ ಇದೆ. ಬಗ್ಗಿಕೊಂಡೇ ಒಳಗೆ ಹೋಗಬೇಕು. ಮೊದಲು ಅದರ ನೀರು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಇಳಿದು ಕೆರೆಗೆ ಬೀಳುತ್ತಿತ್ತು, ಈಗ ಕಪ್ಪು ಪೈಪು ಬಂದಿದೆ. ಮರಳು ಬಾರದಿರಲಿ ಅಂತ ಪೈಪಿನ ಬಾಯಿಗೆ ಹಳೇ ಬೈರಾಸಿನ ತುಂಡು ಕಟ್ಟಿದ್ದಾರೆ. ಪಂಪು ಬೇಡ, ಕರೆಂಟು ಬೇಡ. ಮೇ ತಿಂಗಳಲ್ಲಿ ಧಾರೆ ಸಣ್ಣ ಆಗುತ್ತದೆ, ಆದರೆ ನಿಂತದ್ದಿಲ್ಲ. ತೋಡಿನ ಆಚೆ ಬದಿಯ ಗುಡ್ಡೆಯನ್ನು ಕೋರೆಯವರು ಮಿಷನ್ನಿನಲ್ಲಿ ಚೌಕ ಚೌಕವಾಗಿ ಕೊಯ್ದು ಸಾಗಿಸಿದರು. ಅದರ ಕೆಳಗಿನ ಮನೆಯ ಸುರಂಗ ಈಗ ಫೆಬ್ರವರಿಗೇ ಒಣಗುತ್ತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ ನಿಜ. ಆದರೆ ಅದನ್ನು ಕುಡಿದು ಇಟ್ಟುಕೊಳ್ಳಲು ಗುಡ್ಡೆ ಇರಬೇಕಲ್ವಾ? ಇಲ್ಲದಿದ್ದರೆ ಅಷ್ಟೂ ನೀರು ಸೀದಾ ಹೊಳೆಗೆ, ಹೊಳೆಯಿಂದ ಕಡಲಿಗೆ.

ಗುಡ್ಡೆಯ ತಲೆಯ ಮೇಲೆ ಮಾಡಿದ್ದು ಕೆಳಗಿನ ಮನೆಗೆ ಇಳಿಯುತ್ತದೆ ಅಂತ ನಮ್ಮ ಜಿಲ್ಲೆಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಗೇರು ತೋಟದ ಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದದ್ದು ಸುಮಾರು ಎರಡು ದಶಕ. ನಿಂತದ್ದು 2000ದ ಹೊತ್ತಿಗೆ. ಎಣ್ಮಕಜೆ, ಪಡ್ರೆ ಕಡೆಯವರು ಇವತ್ತಿಗೂ ಆ ವಿಷದ ಫಲವನ್ನು ಅನುಭವಿಸುತ್ತಿದ್ದಾರೆ.

ಬೆಂಗಳೂರಿನಲ್ಲಿರುವ ದೊಡ್ಡ ಭಾವನ, ಅಂದರೆ ಮಾವನ ದೊಡ್ಡ ಮಗನ, ತಕರಾರು ಬೇರೆ. "ಅಪ್ಪನ ಕಾಲದ ನಂತರವೂ ನಮ್ಮ ಕೈ ಕಟ್ಟಿಹಾಕುವುದು ಯಾಕೆ? ನಾಳೆ ಆಸ್ಪತ್ರೆ ಖರ್ಚು ಬಂತು ಅಂತಿಟ್ಟುಕೋ, ಏನು ಮಾಡುವುದು?" ಇದು ಸುಳ್ಳು ತಕರಾರಲ್ಲ. ಅದಕ್ಕೇ ಮಾವ ತೋಟವನ್ನೂ ರಸ್ತೆ ಬದಿಯ ಜಾಗವನ್ನೂ ಮಕ್ಕಳಿಗೇ ಬಿಟ್ಟಿದ್ದಾರೆ, ಗುಡ್ಡೆ ಮಾತ್ರ ಬೇರೆ. ಕಷ್ಟ ಬಂದಾಗ ಎಲ್ಲಕ್ಕಿಂತ ಮೊದಲು ಕೈಬಿಡುವುದು ಗುಡ್ಡೆಯನ್ನೇ, ಯಾಕೆಂದರೆ ಅದರಿಂದ ವರ್ಷಕ್ಕೆ ಒಂದು ರೂಪಾಯಿ ಆದಾಯ ಕಾಣುವುದಿಲ್ಲ. ಇನ್ನು ಕೈ ಕಟ್ಟುವ ಮಾತು. ಕೋರೆಗೆ ಕೊಟ್ಟರೂ ಮೊಮ್ಮಕ್ಕಳ ಕೈ ಕಟ್ಟಿದ ಹಾಗೆಯೇ. ಲಾರಿಯಲ್ಲಿ ಹೋದ ಗುಡ್ಡೆಯನ್ನು ಯಾವ ಮೊಮ್ಮಗ ವಾಪಸ್ ತರುತ್ತಾನೆ? ಆದರೂ ಮಾರುವವನ ಹತ್ತಿರ ಯಾರೂ "ಮುಂದಿನವರನ್ನು ಕೇಳಿದ್ದೀಯಾ" ಅನ್ನುವುದಿಲ್ಲ. ಉಳಿಸುವವನ ಹತ್ತಿರ ಮಾತ್ರ ಈ ಪ್ರಶ್ನೆ.

ಹಿಂದಿನವರಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ನಾಗಬನ ಪಾಲುಪಟ್ಟಿಯಲ್ಲಿ ಯಾರ ಹಿಸ್ಸೆಗೂ ಹೋಗುತ್ತಿರಲಿಲ್ಲ, ಅಲ್ಲಿ ಕತ್ತಿ ಹಾಕಲು ಜನ ಹೆದರುತ್ತಿದ್ದರು. ಈಗ ಆ ಹೆದರಿಕೆಯನ್ನು ನಂಬಿ ಕೂರುವ ಹಾಗಿಲ್ಲ. ಜೀರ್ಣೋದ್ಧಾರ ಅಂತ ರೆಂಜೆ, ಕಿರಾಲ್‌ಬೋಗಿ ಮರಗಳನ್ನು ಕಡಿದು ಕಾಂಕ್ರೀಟ್ ಕಟ್ಟೆ ಕಟ್ಟಿ ಟೈಲ್ಸ್ ಹಾಕಿದ ಬನಗಳು ಎಷ್ಟು ಬೇಕು ನಿಮಗೆ?

ಅಮೆರಿಕದಲ್ಲಿ ಇದಕ್ಕೆ ಸರಿಯಾದ ಕಾಗದವೇ ಇದೆ. ಕನ್ಸರ್ವೇಶನ್ ಈಸ್‌ಮೆಂಟ್ ಅನ್ನುತ್ತಾರೆ. ಜಾಗ ನಿಮ್ಮದೇ. ಕೃಷಿ ಮಾಡಬಹುದು, ಮಾರಬಹುದು, ಮಕ್ಕಳಿಗೆ ಕೊಡಬಹುದು. ಲೇಔಟ್, ಗಣಿ ಮಾಡುವ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟು ಒಂದು ಟ್ರಸ್ಟಿಗೋ ಸರ್ಕಾರಕ್ಕೋ ಬರೆದುಕೊಡುವುದು. ಆಮೇಲೆ ಜಾಗ ಯಾರ ಕೈಗೆ ಹೋದರೂ ಷರತ್ತು ಜೊತೆಗೇ ಹೋಗುತ್ತದೆ. ಶಾಶ್ವತವಾಗಿ ದಾನ ಮಾಡಿದರೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಉಂಟು. (ತೆರಿಗೆ ತಪ್ಪಿಸಲಿಕ್ಕೆಂದೇ ಇದನ್ನು ದಂಧೆ ಮಾಡಿಕೊಂಡವರೂ ಅಲ್ಲಿದ್ದಾರೆ.) ನಮ್ಮಲ್ಲಿ ಇದು ಸುಲಭವಿಲ್ಲ. ನಮ್ಮದು 1882ರ ಈಸ್‌ಮೆಂಟ್ ಕಾಯ್ದೆ. ಅದರ ಪ್ರಕಾರ ಇಂಥ ಹಕ್ಕು ಪಕ್ಕದ ಇನ್ನೊಂದು ಜಾಗದ ಅನುಕೂಲಕ್ಕೆ ಇರಬೇಕು, ದಾರಿ ಬಿಟ್ಟ ಹಾಗೆ, ನೀರು ಬಿಟ್ಟ ಹಾಗೆ. ಅದೇ ವರ್ಷದ ಆಸ್ತಿ ವರ್ಗಾವಣೆ ಕಾಯ್ದೆಯೂ ಆಸ್ತಿಯನ್ನು ತಲೆತಲಾಂತರ ಕಟ್ಟಿಡಲು ಬಿಡುವುದಿಲ್ಲ. ಸಾರ್ವಜನಿಕರ ಒಳಿತಿಗೆ ಕೊಟ್ಟರೆ ಮಾತ್ರ 18ನೇ ಸೆಕ್ಷನ್ನಿನಲ್ಲಿ ವಿನಾಯಿತಿ. ಹಾಗಾಗಿ ಉಳಿಯುವುದು ಸಾರ್ವಜನಿಕ ಟ್ರಸ್ಟ್. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಸೇರಿಸಿದ ಸಮುದಾಯ ಮೀಸಲು ಇನ್ನೊಂದು ದಾರಿ. ಖಾಸಗಿ ಜಾಗವನ್ನೂ ಮಾಲೀಕರು ತಾವಾಗಿ ಮುಂದೆ ಬಂದರೆ ಸರ್ಕಾರ ಹಾಗೆ ಘೋಷಿಸಬಹುದು.

ಆದರೆ ಸರ್ಕಾರ ಅಂದರೆ ಇಲ್ಲಿನ ಹಿರಿಯರು ಬೆಚ್ಚುತ್ತಾರೆ. ಕೇರಳದ 1971ರ ಕಾಯ್ದೆಯಲ್ಲಿ ಮಲಬಾರಿನ ಖಾಸಗಿ ಕಾಡುಗಳು ಪರಿಹಾರ ಇಲ್ಲದೆ ಸರ್ಕಾರಕ್ಕೆ ಸೇರಿದವು. 2003ರಲ್ಲಿ ಪರಿಸರ ಸೂಕ್ಷ್ಮ ಜಾಗಗಳನ್ನು ಸರ್ಕಾರಕ್ಕೆ ಸೇರಿಸುವ ಕಾಯ್ದೆಯೂ ಬಂತು. "ಕಾಡು ಬೆಳೆಸಿದರೆ ಜಾಗ ಹೋಯ್ತು" ಅನ್ನುವ ಮಾತು ಆ ಕಾಲದ್ದು. ಉಳಿಸಿದವನಿಗೇ ಹೆದರಿಕೆ, ಕಡಿದವನು ಆರಾಮ! ಇದಕ್ಕಿಂತ ಕೆಟ್ಟ ವ್ಯವಸ್ಥೆ ನನಗಂತೂ ತೋಚುವುದಿಲ್ಲ.

ಹೀಗಿದ್ದೂ ಮಾಡಿದವರಿದ್ದಾರೆ. ನಮ್ಮದೇ ಜಿಲ್ಲೆಯ ಪರಪ್ಪದ ಹತ್ತಿರ ಅಬ್ದುಲ್ ಕರೀಮ್ 1977ರಲ್ಲಿ ಐದು ಎಕರೆ ಬೋಳು ಪಾರೆ, ಅಂದರೆ ಬರೀ ಕಲ್ಲಿನ ಜಾಗ, ಕೊಂಡರು, ಆಮೇಲೆ ಇನ್ನಷ್ಟು ಸೇರಿಸಿ 32 ಎಕರೆ ಕಾಡು ಮಾಡಿದರು. ಮೊದಮೊದಲು ಗಿಡಗಳಿಗೆ ನೀರು ಹೊರಗಿನಿಂದ ಹೊತ್ತು ತರಬೇಕಿತ್ತು. ಮರಗಳು ಬೆಳೆದ ಮೇಲೆ ಅಲ್ಲಿನ ಬಾವಿಯಲ್ಲೇ ನೀರು ಏರಿತು. ಮಾವ ಭಾವನಿಗೆ ಉತ್ತರ ಕೊಡುವಾಗ ಮೊದಲು ಎತ್ತುವುದು ಇವರ ಹೆಸರನ್ನೇ.

ಭಾವ ಈಗ ಅರ್ಧ ಒಪ್ಪಿದ್ದಾನೆ. ಟ್ರಸ್ಟಿನಲ್ಲಿ ಮನೆಯವರ ಜೊತೆ ಪಂಚಾಯತಿನ ಜೀವವೈವಿಧ್ಯ ಸಮಿತಿಯವರೊಬ್ಬರೂ ಇರಲಿ ಅಂತ ನನ್ನ ಅಭಿಪ್ರಾಯ, ಇಲ್ಲದಿದ್ದರೆ ಎರಡು ತಲೆಮಾರಿನಲ್ಲಿ ಅದು ಮನೆ ಜಗಳವಾಗುತ್ತದೆ. ಬೇಲಿ, ಬೆಂಕಿ ರೇಖೆ, ವರ್ಷಕ್ಕೊಮ್ಮೆ ಗಡಿ ನೋಡುವುದು, ಇದಕ್ಕೆಲ್ಲ ದುಡ್ಡು ಎಲ್ಲಿಂದ ಅನ್ನುವುದು ಇನ್ನೂ ಬಗೆಹರಿದಿಲ್ಲ. ತೋಟದ ಅಡಕೆಯಲ್ಲಿ ಒಂದು ಪಾಲು ತೆಗೆದಿಡೋಣ ಅಂತ ಅತ್ತೆ ಹೇಳುತ್ತಾರೆ. ಕಾಸರಗೋಡು, ಮಂಜೇಶ್ವರ, ಪುತ್ತೂರು ಕಡೆ ಯಾರಾದರೂ ಹೀಗೆ ರಿಜಿಸ್ಟರ್ ಮಾಡಿಸಿದ್ದರೆ ದಯವಿಟ್ಟು ತಿಳಿಸಿ. ಖರ್ಚಿನ ವಿಷಯವನ್ನು ಪತ್ರದಲ್ಲಿ ಹೇಗೆ ಬರೆಸಿದ್ದೀರಿ ಅನ್ನುವುದು ಮುಖ್ಯವಾಗಿ ಬೇಕು.